ಹಳಿಗೆ ಅಡ್ಡ ಬಂದ ಮನೆ

ಹೆಣ್ಣು ಕೊಡುವ ಮೊದಲು ನಮ್ಮ ಮಾವ ಆಡಿದ ಮಾತು ನನಗಿನ್ನೂ ನೆನಪಿದೆ. "ಆಡೋ ರೈಲಿಗೆ ಊರು ಕಟ್ಟೋದಂದ್ರ ಅದೇನು ಹೊಟ್ಟಿ ತುಂಬೋ ಕೆಲಸೇನ್ರಿ?" ಎಂದು ನಮ್ಮಪ್ಪನನ್ನು ಕೇಳಿದ್ದರು. ನಮ್ಮಪ್ಪ ನಾರಾಯಣಪೇಟೆಯಲ್ಲಿ ಮಗ್ಗದ ಚೌಕಟ್ಟು, ತೊಟ್ಟಿಲು, ಬಾಗಿಲು ಮಾಡುತ್ತಿದ್ದ ಬಡಿಗ. ನನ್ನ ಕೆಲಸ ಏನೆಂದು ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಬಿಟ್ಟುಕೊಡಲಿಲ್ಲ. "ದೊಡ್ಡ ಮಂದಿ ಆಡ್ತಾರ, ಇಂವ ಉಣ್ತಾನ. ಮತ್ತೇನು ಬೇಕ್ರಿ?" ಎಂದ. ಮದುವೆಯಾಯಿತು.

ಈಗ ಊರು, ಗುಡ್ಡ, ಕಟ್ಟಡಗಳ ಪುಟ್ಟ ನಮೂನೆ ಮಾಡುವುದನ್ನು ಕಲಿಸಲು ಶಾಲೆಗಳಿವೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ಅಜ್ಜಾ, ನಿಮ್ಮ ಕಾಲಕ್ಕೆ ಗುಡ್ಡ ಹ್ಯಾಂಗ ಮಾಡ್ತಿದ್ರಿ? ನೀರು ಹ್ಯಾಂಗ ತೋರಿಸ್ತಿದ್ರಿ?" ಎಂದು ಕೇಳುತ್ತಾರೆ. ಹೇಳುತ್ತೇನೆ. ನಾನು ಕಡೆಗೆ ಸರಕಾರಿ ನೌಕರಿ ಸೇರಿ ಅಣೆಕಟ್ಟು, ಕಾಲುವೆಗಳ ನಮೂನೆ ಮಾಡಿ ನಿವೃತ್ತನಾದವನು. ಅಲ್ಲಿ ಸಿಕ್ಕ ಬಡ್ತಿಗಳ ಮಾತು ಇಲ್ಲಿ ಬೇಡ. ಹೊದಿಸಿದ ಶಾಲುಗಳು ಮೊಮ್ಮಗಳ ತೊಟ್ಟಿಲಿಗೆ ಹಾಸಾದವು. ಹುಡುಗರು ಕೇಳದ ಒಂದು ಸಂಗತಿ ಇದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗಿತ್ತೆಂದು ತಿಳಿಯಬೇಕು. ನಿಜಾಮರ ಕಾಲ. ಯಾರೋ ಜಾಗೀರದಾರರೋ, ಕೈತುಂಬ ಕಕ್ಷಿದಾರರಿದ್ದ ವಕೀಲರೋ ಬೊಂಬಾಯಿಯಿಂದ ವಿಲಾಯತಿ ಆಟದ ರೈಲು ತರಿಸುತ್ತಿದ್ದರು. ಕೀಲಿ ತಿರುವಿದರೆ ಓಡುವ ಇಂಜಿನ್ನು, ಕೆಲವು ಡಬ್ಬಿ, ತಗಡಿನ ಹಳಿ. ಪಡಸಾಲೆಯ ನೆಲದ ಮೇಲೆ ಒಂದು ವಾರ ಆಡಿಸುವಷ್ಟರಲ್ಲಿ ಬೇಸರ ಬರುತ್ತಿತ್ತು. ಎಷ್ಟು ಓಡಿದರೂ ಅದು ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುವ ಗಾಡಿ. ಆಗ ಅದಕ್ಕೊಂದು ಊರು ಬೇಕು, ಗುಡ್ಡ ಬೇಕು, ಹೊಳೆ ಬೇಕು ಎನಿಸಿ ನನ್ನನ್ನು ಕರೆಸುತ್ತಿದ್ದರು. ಸೊಂಟದೆತ್ತರದ ಹಲಗೆ ಹಾಕಿ ಅದರ ಮೇಲೆ ನಾನು ಸೀಮೆಯನ್ನೇ ಎಬ್ಬಿಸಿ ಕೊಡುತ್ತಿದ್ದೆ.

ಗುಡ್ಡಕ್ಕೆ ಬಿದಿರಿನ ಸೀಳು, ಹಳೆಯ ಧೋತರ, ಮೇಲೆ ಸುಣ್ಣ ಬೆರೆಸಿದ ಕಾಗದದ ರೊಜ್ಜು. ಗಿಡಕ್ಕೆ ಒಣಗಿದ ಹೀರೆಕಾಯಿಯ ನಾರು. ಹೊಲದ ಹಸಿರಿಗೆ ಮರದ ಹೊಟ್ಟನ್ನು ನಮ್ಮೂರ ನೇಕಾರರ ಬಣ್ಣದ ಹಂಡೆಯಲ್ಲಿ ಅದ್ದಿ ಒಣಗಿಸುತ್ತಿದ್ದೆ. ಸೀರೆಯ ಅಂಚಿಗೆ ಹಾಕಿ ಉಳಿದ ಬಣ್ಣ ಅದು. ಹೊಳೆಗೆ ಕೃಷ್ಣೆಯ ಮರಳನ್ನೇ ಹಾಸಿ ಮೇಲೆ ಅರಗಿನ ಮೆರುಗು ಹಚ್ಚುತ್ತಿದ್ದೆ. ಒಂದು ಕೋಟು ಒಣಗದೆ ಇನ್ನೊಂದು ಹಚ್ಚಿದರೆ ಹೊಳೆ ಮಜ್ಜಿಗೆಯಂತೆ ಕಾಣುತ್ತದೆ. ಆತುರಗಾರರು ಈ ಕೆಲಸಕ್ಕೆ ಬರಬಾರದು.

ಎಡವಟ್ಟುಗಳೂ ಆಗಿವೆ. ಮಖ್ತಲದ ವಕೀಲರೊಬ್ಬರ ಮನೆಯಲ್ಲಿ ನನ್ನ ಮೊದಲ ದೊಡ್ಡ ಗುಡ್ಡ ಮಾಡಿದೆ. ಅಂಟಿಗೆ ಜೋಳದ ಹಿಟ್ಟಿನ ಗಂಜಿ ಹಾಕಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಇಲಿಗಳು ಗುಡ್ಡವನ್ನು ಒಳಗಿನಿಂದ ತಿಂದು ಹಾಕಿದ್ದವು. ವಕೀಲರು ನೆಂಟರಿಗೆ ತೋರಿಸಲು ಗಾಡಿ ಬಿಟ್ಟರೆ ಸುರಂಗದೊಳಗೆ ಹೋದ ಗಾಡಿಯ ಮೇಲೆ ಗುಡ್ಡವೇ ಕುಸಿಯಿತಂತೆ. ನನ್ನನ್ನು ಕರೆಸಿ, "ಏನಪಾ ಮಾನಪ್ಪ ಮಿಸ್ತ್ರಿ, ಗುಡ್ಡ ಮಾಡಿದ್ಯೋ, ಇಲಿಗೆ ಅನ್ನಛತ್ರ ಹಾಕಿದ್ಯೋ?" ಎಂದರು. ಅಂದಿನಿಂದ ಹುಣಸೆ ಬೀಜ ಬೇಯಿಸಿದ ಅಂಟಿಗೆ ಮೈಲುತುತ್ತ ಬೆರೆಸುವುದನ್ನು ಕಲಿತೆ. ಇಲಿಗಳು ನನ್ನ ಕೆಲಸವನ್ನು ಮತ್ತೆ ಮುಟ್ಟಲಿಲ್ಲ.

ಆದರೆ ಈ ಕೆಲಸದ ನಿಜವಾದ ಗುಟ್ಟು ಅಂಟಿನಲ್ಲಿಲ್ಲ, ಯೋಜನೆಯಲ್ಲಿದೆ. ಹಳಿಯ ತುಂಡುಗಳು ವಿಲಾಯತಿಯಲ್ಲೇ ಬಗ್ಗಿ ಬರುತ್ತಿದ್ದವು. ಕೆಲವು ನೇರ, ಕೆಲವು ಬಾಗಿದವು. ಬಾಗಿದ್ದನ್ನು ನಾವು ಇನ್ನಷ್ಟು ಬಗ್ಗಿಸುವಂತಿಲ್ಲ, ನೇರ ಮಾಡುವಂತಿಲ್ಲ. ಹಲಗೆ ಮುಗಿಯುವಲ್ಲಿ ಗಾಡಿ ತಿರುಗಲೇಬೇಕು. ಅಲ್ಲಿ ನಿಜವಾದ ಊರಿನಲ್ಲಿ ಗುಡಿಯಿರಲಿ, ಓಣಿಯಿರಲಿ, ಜಾಗ ಬಿಡಬೇಕು. ಹಳಿ ಬಗ್ಗುವುದಿಲ್ಲ, ಊರೇ ಬಗ್ಗಬೇಕು ಎಂದು ನಾವು ಹೇಳುತ್ತಿದ್ದೆವು. ಏನನ್ನು ಇಡಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಯೋಜನೆ. ಬಿಟ್ಟದ್ದು ಯಾರಿಗೂ ಕಾಣುವುದಿಲ್ಲ. ಸಿಗ್ನಲ್ ಕಂಬದ ಕೈ ಮುರಿದಿದ್ದರೆ ನೋಡಿದವರೆಲ್ಲ ಹೇಳುತ್ತಾರೆ. ಒಂದು ಓಣಿಯೇ ಇಲ್ಲದಿದ್ದರೆ ಒಬ್ಬನೂ ಕೇಳುವುದಿಲ್ಲ.

ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ವರ್ಷ ಗದ್ವಾಲದ ಗುಂಡೇರಾವ ದೇಸಾಯರಿಂದ ಕರೆ ಬಂತು. ನಾನು ಕಂಡ ಯಜಮಾನರಲ್ಲಿ ಅವರಷ್ಟು ರೈಲಿನ ಹುಚ್ಚು ಹಿಡಿದವರು ಬೇರೆ ಇಲ್ಲ. ವಾಡೆಯ ದೊಡ್ಡ ಪಡಸಾಲೆಯ ಮುಕ್ಕಾಲು ಭಾಗ ಹಲಗೆಗೆ ಬಿಟ್ಟುಕೊಟ್ಟಿದ್ದರು. ಅವರಿಗೆ ಕಟ್ಟುಕತೆಯ ಊರು ಬೇಡವಾಗಿತ್ತು. ಗದ್ವಾಲದ ಆಚೆ, ಅವರ ಹೊಲಗಳಿದ್ದ ಕಡೆ, ಒಂದು ಸಣ್ಣ ಸ್ಟೇಶನ್ನು ಇತ್ತು. ಅದೇ ಬೇಕು ಎಂದರು. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ.

"ಇದ್ದದ್ದು ಇದ್ದಂಗ ಇರಬೇಕು ಮಾನಪ್ಪ," ಎಂದು ದೇಸಾಯರು ಬೆರಳು ಎತ್ತಿ ಹೇಳಿದರು. "ನೋಡಿದಾಂವ ಹಿಂದಕ ಹೆಜ್ಜಿ ಇಡಬೇಕು. ಗಾಡಿ ಬಂದು ಬಡಿತೈತೇನೋ ಅನ್ನಂಗ."

ನಾನು ಅಳತೆಯ ಪಟ್ಟಿ, ಕಾಗದ ಕಟ್ಟಿಕೊಂಡು ಆ ಊರಿಗೆ ಹೋದೆ. ಸ್ಟೇಶನ್ನಿನ ಬೇಲಿಯ ಆಚೆ, ಇಂಜಿನ್ನಿಗೆ ನೀರು ತುಂಬುವ ಟಾಕಿಗೂ ಸಿಗ್ನಲ್ ಕಂಬಕ್ಕೂ ನಡುವೆ, ಒಂಟಿಯಾಗಿ ಒಂದು ಮಾಳಿಗೆ ಮನೆಯಿತ್ತು. ಮುಂದೆ ಬೇವಿನ ಮರ, ಹಿತ್ತಿಲಲ್ಲಿ ಕಲ್ಲು ಕಟ್ಟಿದ ಬಾವಿ. ಅದು ಇಮಾಮಸಾಬನ ಸ್ವಂತ ಮನೆ, ಅವನ ಅಪ್ಪ ಕಟ್ಟಿಸಿದ್ದು. ಇಮಾಮಸಾಬ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದವನು, ಕಾಂಟೆವಾಲಾ. ಅವನ ಹೆಂಡತಿ ಹುಸೇನಬಿ. ಅಳತೆ ಮುಗಿಯುವ ತನಕ ನಾನು ಅವರ ಕಟ್ಟೆಯ ಮೇಲೆಯೇ ಮಲಗಿದೆ, ಅವರ ಬಾವಿಯ ನೀರು ಕುಡಿದೆ. ಹುಸೇನಬಿ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದಳು. ಜಾತಿ ನೋಡುವ ಊರಿನವರು ನನ್ನನ್ನು ಆಡಿಕೊಂಡರು. ಅವರು ಉಣ್ಣಲು ಕರೆಯಲಿಲ್ಲ, ಆಡಿಕೊಳ್ಳಲು ಮಾತ್ರ ಬಂದರು.

"ನಮ್ಮ ಮನೀನೂ ಮಾಡ್ತಿಯೇನೋ ಮಿಸ್ತ್ರಿ?" ಎಂದು ಇಮಾಮಸಾಬ ಕೇಳಿದ. "ಮಾಡೋದಾದ್ರ ನನ್ನ ಹೇಂತಿ ಬಾಯಿ ಬ್ಯಾಡ. ಗಾಡಿ ಸಪ್ಪಳಕ್ಕಿಂತ ಅದರದ್ದೇ ಜಾಸ್ತಿ ಆಗ್ತೈತಿ."

"ನೀನು ಮಾತ್ರ ಬಾಯಿಲ್ಲದ ಬಸವಣ್ಣ ನೋಡು," ಎಂದು ಹುಸೇನಬಿ ಒಳಗಿನಿಂದಲೇ ಒದರಿದಳು.

ನಾನು ಗದ್ವಾಲಕ್ಕೆ ಬಂದು ಮೊದಲು ಮಾಡಿದ್ದೇ ಆ ಮನೆ. ಸಾಗವಾನಿಯ ಗಟ್ಟಿ ತುಂಡಿನಲ್ಲಿ ಕೊರೆದು, ಮೇಲೆ ಕಲ್ಲಿನ ತೆಳು ಚಪ್ಪಡಿ ಕೂಡಿಸಿದೆ. ಅಂಗೈ ತುಂಬುವಷ್ಟು ದೊಡ್ಡದು, ಒಳ್ಳೆ ಭಾರ. ಆಮೇಲೆ ದೇಸಾಯರು ಹಳಿ ಜೋಡಿಸಲು ಹೇಳಿದರು. ಜೋಡಿಸಿದರೆ ಟಾಕಿ ದಾಟಿದ ಕೂಡಲೇ ಹಲಗೆ ಮುಗಿಯುತ್ತದೆ. ನಿಜವಾದ ಹಳಿ ಅಲ್ಲಿ ನೇರವಾಗಿ ಕರ್ನೂಲಿನ ಕಡೆ ಹೋಗುತ್ತದೆ. ನಮ್ಮದು ಅಲ್ಲೇ ತಿರುಗಬೇಕು. ತಿರುವು ಸರಿಯಾಗಿ ಆ ಮನೆ, ಬೇವು, ಬಾವಿಯ ಮೇಲೆ ಬಂತು.

"ಮನಿ ತಗಿ," ಎಂದರು ದೇಸಾಯರು.

"ಟಾಕಿ ಈ ಕಡೆ ಸರಿಸೋಣ್ರಿ. ಹಿಂದಿನ ಗುಡ್ಡ ಸಣ್ಣದು ಮಾಡಿದ್ರ ಮನಿ ಉಳಿತೈತ್ರಿ," ಎಂದೆ. ಅದು ಮನೆಯ ಮೇಲಿನ ಮಮತೆಯಷ್ಟೇ ಅಲ್ಲ, ಅದಿಲ್ಲದಿದ್ದರೆ ಆ ಮೂಲೆ ಬೋಳಾಗಿ ಕಾಣುತ್ತಿತ್ತು.

"ಗುಡ್ಡ ಸಣ್ಣದಾದ್ರ ಸುರಂಗ ಎಲ್ಲಿಂದ ಬರಬೇಕು? ಕಾಂಟೆವಾಲಾನ ಮನಿ ನೋಡಾಕ ನಮ್ಮ ಬೀಗರು ಬರ್ತಾರೇನು? ತಗಿ ಅಂದ್ರ ತಗಿ."

ತೆಗೆದೆ. ಹಲಗೆ ಅವರದು, ಹಳಿ ಅವರದು. ಮನೆಯನ್ನು ನಾರಾಯಣಪೇಟೆಗೆ ತಂದು ಗೂಡಿನಲ್ಲಿಟ್ಟೆ. ಉಳಿದೆಲ್ಲ ಕೆಲಸ ಚೆನ್ನಾಗಿ ಬಂತು. ಗಾಡಿ ಬಿಟ್ಟ ದಿನ ಊರಿನ ದೊಡ್ಡವರೆಲ್ಲ ಬಂದಿದ್ದರು. ದೇಸಾಯರು ಬೆತ್ತ ಹಿಡಿದು ಒಂದೊಂದನ್ನೂ ತೋರಿಸುತ್ತ, "ಒಂದಿಂಚೂ ತಪ್ಪಿಲ್ಲ, ಅಳತಿ ಮಾಡಿಸೇ ಮಾಡಿಸೀನಿ. ಬೇಕಾದ್ರ ಹೋಗಿ ನೋಡಿ ಬರ್ರಿ," ಎಂದರು. ಆಮೇಲೆ ಬಂದವರಿಗೆಲ್ಲ ಅದೇ ಮಾತು. ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟರು ಎಂದು ನನಗೆ ಈಗ ಅನಿಸುತ್ತದೆ.

ಮುಂದಿನದು ಎಲ್ಲರೂ ಬಲ್ಲ ಕಾಲ. ಮೊದಲು ರಜಾಕಾರರು ಹಳ್ಳಿಗಳಿಗೆ ನುಗ್ಗಿದರು. ಅವರು ಮಾಡಿದ್ದನ್ನು ಮರೆತೆನೆಂದರೆ ನನ್ನ ನಾಲಿಗೆ ಬಿದ್ದು ಹೋದೀತು. ನಮ್ಮ ಸೋದರಮಾವನ ಮನೆಯೂ ಸುಟ್ಟಿತು. ಆಮೇಲೆ ಸೈನ್ಯ ಬಂತು, ನಿಜಾಮರ ರಾಜ್ಯ ಹೋಯಿತು, ನಾವೂ ಬಾವುಟ ಹಿಡಿದು ಕುಣಿದೆವು. ಆದರೆ ಆ ಗದ್ದಲದ ಹಿಂದೆಯೇ ಬೇರೊಂದು ಗುಂಪು ಓಡಾಡಿತು. ಮೊದಲಿನವರು ಮಾಡಿದ್ದಕ್ಕೆ ಈ ಗುಂಪು ಏನೂ ಮಾಡದವರ ಮೇಲೆ ಸೇಡು ತೀರಿಸಿಕೊಂಡಿತು. ರಜಾಕಾರರು ಓಡಿಹೋಗಿದ್ದರು. ಓಡುವ ಕಾರಣವೇ ಇಲ್ಲದವರು ಮನೆಯಲ್ಲಿದ್ದರು.

ಗಲಾಟೆ ತಣ್ಣಗಾಗಿ ಕೆಲವು ತಿಂಗಳ ಮೇಲೆ ಹುಸೇನಬಿ ನಾರಾಯಣಪೇಟೆಯ ನಮ್ಮ ಓಣಿಯನ್ನು ಕೇಳುತ್ತ ಬಂದಳು. ನನಗೆ ಗುರುತು ಹತ್ತಲಿಲ್ಲ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನ ಹೆಂಡತಿ ಚಾಪೆ ಹಾಸಿದಳು, ನೀರು ಕೊಟ್ಟಳು. ನೀರನ್ನು ಕೈಯಲ್ಲಿ ಹಿಡಿದುಕೊಂಡು ಕೂತಳೇ ಹೊರತು ಕುಡಿಯಲಿಲ್ಲ.

"ನಾ ಗಟ್ಟು ಊರಾಗ ನಮ್ಮಕ್ಕನ ಮನ್ಯಾಗ ಇದ್ನೆಪಾ, ಅದಕ ಉಳಿದೀನಿ," ಎಂದಳು. "ನನ್ನ ಗಂಡನೂ, ತಮ್ಮನೂ ಮನ್ಯಾಗಿದ್ರು. ಕಡಿದು ಬಾವ್ಯಾಗ ಹಾಕ್ಯಾರ. ಮ್ಯಾಲ ಮಣ್ಣು ತುಂಬ್ಯಾರ. ಮನಿ ಸುಟ್ಟು, ಪಾಯ ಕಿತ್ತು, ನೆಲ ಹದ ಮಾಡ್ಯಾರ. ಬೇವಿನ ಗಿಡದ ಬೊಡ್ಡೀನೂ ಉಳಿಸಿಲ್ಲ."

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಬಾವಿಯ ನೀರನ್ನು ನಾನು ಕುಡಿದವನು.

ಈಗ ಆ ಜಾಗ ತನ್ನದೆಂದು ಒಬ್ಬ ಶೇಂಗಾ ಅಡತಿಯ ಸಾಹುಕಾರ ಹೇಳುತ್ತಿದ್ದ. ಅದು ಮೊದಲಿನಿಂದಲೂ ಬಯಲು, ಅಲ್ಲಿ ಮನೆಯೇ ಇರಲಿಲ್ಲ, ತಾನು ಗೋದಾಮು ಕಟ್ಟಿಸುತ್ತೇನೆ ಎಂದು ಅರ್ಜಿ ಹಾಕಿದ್ದ. ಊರ ಚಾವಡಿ ಸುಟ್ಟಾಗ ಅಲ್ಲಿಯ ಕಾಗದಪತ್ರ ಸುಟ್ಟಿದ್ದವು, ಹುಸೇನಬಿಯವು ಮನೆಯ ಜೊತೆಗೇ ಹೋಗಿದ್ದವು. ಇಂಥ ತಕರಾರು ಕೇಳಲು ಬೊಂಬಾಯಿ ಪ್ರಾಂತದ ಕನ್ನಡ ನಾಡಿನಿಂದ ಒಬ್ಬ ಅಧಿಕಾರಿ ಬಂದಿದ್ದರು.

"ಮನಿ ಹೋದ್ರ ಹೋಗಲಿ," ಎಂದಳು. "ಅವನು ಅಲ್ಲಿ ಅದಾನ. ಮ್ಯಾಲ ಗೋದಾಮು ಆದ್ರ ನಾ ಎಲ್ಲಿ ನಿಂತು ಅವನ ಸಲುವಾಗಿ ಫಾತೇಹಾ ಓದ್ಲಿ? ಬಾವಿ ಮಾತು ನಾ ಅಲ್ಲಿ ಎತ್ತಂಗಿಲ್ಲ. ಎತ್ತಿದ್ರ ಮಾಡಿದಾವರು ನನ್ನೂ ಬಿಡಂಗಿಲ್ಲ. ಮನಿ ಇತ್ತು ಅಂತ ಅಷ್ಟು ಹೇಳು, ಸಾಕು. ನೀ ಅಳತಿ ಮಾಡಿದಾಂವ. ಊರಾಗಿನ ಒಬ್ಬನೂ ಬಾಯಿ ಬಿಡವಲ್ಲ."

ಹೋಗದಿರುವ ಮಾತೇ ಇರಲಿಲ್ಲ. ಗೂಡಿನಿಂದ ಆ ಪುಟ್ಟ ಮನೆಯನ್ನು ತೆಗೆದು ತೋರಿಸಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಗಿಲ ಪಕ್ಕದ ದೀಪದ ಗೂಡಿನ ಮೇಲೆ ಬೆರಳಿಟ್ಟಳು. ಆಮೇಲೆ ಅತ್ತಳು. ನನ್ನ ಮನೆಯಲ್ಲಿ ಆ ದಿನ ಒಲೆ ಹೊತ್ತಿಸಲಿಲ್ಲ.

ಅಧಿಕಾರಿ ಸಾಹೇಬರು ಗದ್ವಾಲದಲ್ಲಿ ಬಿಡಾರ ಮಾಡಿದ್ದು ಗುಂಡೇರಾವ ದೇಸಾಯರ ವಾಡೆಯಲ್ಲೇ. ದೊಡ್ಡವರು ಬಂದರೆ ಅಲ್ಲಿಯೇ ಇಳಿಯುವ ರೂಢಿ. ವಿಚಾರಣೆಯೂ ಅದೇ ಪಡಸಾಲೆಯಲ್ಲಿ ನಡೆಯಿತು. ಒಂದು ಕಡೆ ಮೇಜು, ಕುರ್ಚಿ, ಗುಮಾಸ್ತ. ಇನ್ನೊಂದು ಕಡೆ ನಾನು ಕಟ್ಟಿದ ಊರು, ಹೊಳೆ, ಗುಡ್ಡ. ಸಾಹೇಬರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹುಸೇನಬಿಗೆ ಕೂರಲು ಸ್ಟೂಲು ಕೊಡಿಸಿದರು. ಊರಿಗೆ ಹೋಗಿ ಜಾಗವನ್ನು ಕಣ್ಣಾರೆ ನೋಡಿಯೂ ಬಂದಿದ್ದರು.

ಮೊದಲು ಆ ಊರಿನ ಮುದುಕನೊಬ್ಬನನ್ನು ಕರೆದರು. ಇಮಾಮಸಾಬನ ಜೊತೆ ಅವನ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವನು, ನಾನೇ ಕಂಡಿದ್ದೇನೆ. ಅವನು ನೆಲ ನೋಡುತ್ತ, "ನಾಕೇಮಿ ತೆಲೀದು ದೊರಾ," ಎಂದ. ತನಗೇನೂ ಗೊತ್ತಿಲ್ಲವೆಂದು ತೆಲುಗಿನಲ್ಲಿ ಹೇಳಿ ಕೈ ಮುಗಿದು ಹಿಂದೆ ಸರಿದ. ಸಾಹುಕಾರ ಬಾಗಿಲ ಬಳಿ ನಿಂತಿದ್ದ. ಮುದುಕ ಅವನ ಮುಖವನ್ನೂ ನೋಡಲಿಲ್ಲ, ಹುಸೇನಬಿಯ ಮುಖವನ್ನೂ ನೋಡಲಿಲ್ಲ.

ನನ್ನ ಸರದಿ ಬಂತು. ಅಳತೆ ಮಾಡಿದ್ದು, ಆ ಮನೆಯಲ್ಲಿ ಇದ್ದದ್ದು, ಉಂಡದ್ದು ಎಲ್ಲ ಹೇಳಿದೆ. ಸಾಹುಕಾರ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

"ಸಾಹೇಬ್ರ, ಮಿಸ್ತ್ರಿ ಮಾತು ಯಾಕ್ರಿ, ಮಿಸ್ತ್ರಿ ಕೆಲಸ ಇಲ್ಲೇ ಐತಲ್ರಿ. ಊರಿಗೂರು ಎದುರಿಗೇ ಐತಿ. ಟಾಕಿ ಐತಿ, ಸಿಗ್ನಲ್ ಐತಿ, ಸ್ಟೇಶನ್ ಮುಂದಿನ ಹುಣಸಿ ಗಿಡಾನೂ ಐತಿ. ಇವರ ಮನಿ ಎಲ್ಲೈತಿ ಕೇಳ್ರಿ."

ಸಾಹೇಬರು ಎದ್ದು ಹಲಗೆಯ ಬಳಿ ಬಂದರು. ಬಹಳ ಹೊತ್ತು ನೋಡಿದರು. ಕಣ್ಣು ಅರಳಿದ್ದನ್ನು ನಾನು ಕಂಡೆ. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ.

"ಈ ನಮೂನೆ ತಕರಾರು ಹುಟ್ಟುವ ಮೊದಲೇ ಮಾಡಿದ್ದು, ಹೌದಲ್ಲ?" ಎಂದು ಕೇಳಿದರು.

"ಹೌದ್ರಿ. ಆದ್ರ ಮನಿ ಮಾಡಿದ್ದೆರಿ. ಹಳಿ ತಿರುವಾಕ ಜಾಗ ಬೇಕಂತ ತಗಿಸಿದ್ರು," ಎಂದು ಚೀಲದಿಂದ ಪುಟ್ಟ ಮನೆಯನ್ನು ತೆಗೆದು ಅವರ ಕೈಗೆ ಕೊಟ್ಟೆ. "ಆಟದ ಹಳಿ ಬಗ್ಗಂಗಿಲ್ರಿ. ಅಲ್ಲಿ ಖರೇ ಹಳಿ ನೇರ ಹೋಗತೈತಿ, ನೀವೇ ನೋಡೀರಿ."

ಸಾಹೇಬರು ದೇಸಾಯರ ಕಡೆ ತಿರುಗಿದರು. ಈ ಒಂದು ಗಳಿಗೆಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ದೇಸಾಯರಿಗೆ ಇಮಾಮಸಾಬನ ಮೇಲೆ ಹಗೆಯಿರಲಿಲ್ಲ. ಸಾಹುಕಾರನ ಹಂಗೂ ಇರಲಿಲ್ಲ. "ಹೌದು, ನಾನೇ ತೆಗೆಸಿದೆ" ಎಂದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬೆತ್ತ ಹಿಡಿದು ಸೀಮೆಗೆಲ್ಲ ತೋರಿಸಿದ ಊರು ಅದು. ಪಡಸಾಲೆ ತುಂಬ ಜನ. ಹೊಸ ಸರಕಾರದ ದೊಡ್ಡ ಅಧಿಕಾರಿ ಈಗಷ್ಟೇ ಅದನ್ನು ಮೆಚ್ಚಿ ನೋಡಿದ್ದಾರೆ.

"ನಮ್ಮದು ಒಂದಿಂಚೂ ತಪ್ಪಿಲ್ರಿ," ಎಂದರು ದೇಸಾಯರು.

"ದೇಸಾಯರ, ನೀವೇ ತಗಿ ಅಂದಿದ್ರಿ!" ಎಂದು ನಾನು ಕೂಗಿಯೇಬಿಟ್ಟೆ.

"ಕೂಲಿ ಕೊಟ್ಟು ಮಾಡಿಸಿದಾಂವ ನಾನು. ಏನು ಮಾಡಿಸೀನಿ ಅಂತ ನನಗ ಗೊತ್ತಿಲ್ಲೇನು?" ಅವರ ಮುಖ ಕೆಂಪೇರಿತ್ತು. ನನ್ನ ಕಡೆ ನೋಡದೆ ಮೀಸೆಯ ಮೇಲೆ ಕೈಯಾಡಿಸಿದರು.

ಸಾಹೇಬರು ತಾಳ್ಮೆಯವರು. ಮನೆಯನ್ನು ಹುಸೇನಬಿಯ ಕೈಗಿಟ್ಟು, "ಇದು ಎಲ್ಲಿತ್ತು, ನೀವೇ ಇಟ್ಟು ತೋರಿಸಿ ತಾಯಿ," ಎಂದರು.

ಅವಳು ಹಲಗೆಯ ಸುತ್ತ ಒಂದು ಸುತ್ತು ಬಂದಳು. ಅಂಥ ವಸ್ತುವನ್ನು ಎಂದೂ ಕಂಡವಳಲ್ಲ, ಆದರೂ ಊರಿನ ಗುರುತು ಹಿಡಿದಳು. ಸ್ಟೇಶನ್ನಿನ ಮೇಲೆ ಬೆರಳಾಡಿಸಿದಳು, ಬೇಲಿಗುಂಟ ಬಂದಳು, ಟಾಕಿಯ ಬಳಿ ನಿಂತಳು. ಟಾಕಿ ಈ ಕಡೆ, ಸಿಗ್ನಲ್ ಕಂಬ ಆ ಕಡೆ. ನಡುವೆ ಹಳಿಯ ತಿರುವು, ಬೇರೆ ಏನೂ ಇಲ್ಲ. ಅವಳು ನನ್ನ ಮುಖ ನೋಡಿದಳು. ಪಕ್ಕಕ್ಕೆ ಸರಿಸಿ ಇಡು ಎಂದು ನಾನು ಹೇಳಬಹುದಿತ್ತೇನೋ, ಆದರೆ ಪಕ್ಕಕ್ಕೆ ಇಟ್ಟರೆ ಅದು ಬೇರೆ ಯಾರದೋ ಹೊಲ. ಅವಳಿಗೆ ಸುಳ್ಳು ಹೇಳುವುದು ಬೇಕಿರಲಿಲ್ಲ. ಎರಡೂ ಕೈಯಿಂದ ಮನೆಯನ್ನು ಹಳಿಯ ಮೇಲೆಯೇ ಇಟ್ಟಳು.

"ಇಲ್ಲೇರಿ," ಎಂದಳು.

ಸಾಹುಕಾರ ನಕ್ಕ. ಅವನ ಹಿಂದೆ ನಿಂತವರೂ ನಕ್ಕರು. "ರೈಲಿನ ಹಳಿ ಮ್ಯಾಲ ಮನಿ ಕಟ್ಟಿದ್ರೇನವಾ?"

"ಸಾಹೇಬ್ರ, ಇನ್ನೊಮ್ಮಿ ಹೋಗಿ ನೋಡ್ರಿ," ಎಂದೆ ನಾನು. "ಅಲ್ಲಿ ಹಳಿ ತಿರುಗೇ ಇಲ್ಲ. ಇದು ಆಟಕ್ಕ ತಿರುಗಿಸಿದ್ದು."

"ನೋಡಿದ್ದೇನೆ ಮಿಸ್ತ್ರಿ," ಎಂದರು ಸಾಹೇಬರು. "ಹಳಿ ನೇರವಾಗಿದೆ, ನಿನ್ನ ಮಾತು ನಿಜ. ಅದರಿಂದ ಅಲ್ಲಿ ಮನೆಯಿತ್ತು ಎಂದು ಹೇಗಾಗುತ್ತದೆ? ಅಲ್ಲಿ ಉತ್ತ ನೆಲ ಬಿಟ್ಟು ಏನೂ ಇಲ್ಲ. ಊರವರು ಗೊತ್ತಿಲ್ಲ ಎನ್ನುತ್ತಾರೆ. ಅಳತೆ ಮಾಡಿ ಮಾಡಿದ ನಮೂನೆಯಲ್ಲೂ ಇಲ್ಲ. ಮಾಡಿಸಿದ ದೊಡ್ಡ ಮನುಷ್ಯರು ತಪ್ಪಿಲ್ಲ ಎನ್ನುತ್ತಾರೆ. ನಾನು ಏನನ್ನು ಹಿಡಿದು ಬರೆಯಲಿ?"

ಅವರು ಮರಳಿ ಕುರ್ಚಿಗೆ ಹೋಗಿ ಗುಮಾಸ್ತನಿಗೆ ಬರೆಸಿದರು. ಜಾಗ ಸಾಹುಕಾರನಿಗೆ ಹೋಯಿತು. ಹುಸೇನಬಿ ಹಲಗೆಯ ಪಕ್ಕದಲ್ಲೇ ನಿಂತಿದ್ದಳು. ಬರೆದದ್ದನ್ನು ಓದಿ ಹೇಳಿದಾಗ ಅವಳ ತುಟಿ ಮಾತ್ರ ಅಲುಗಿತು. ಬಾವಿಯ ಮಾತನ್ನು ಈಗಾದರೂ ಎತ್ತುತ್ತಾಳೇನೋ ಎಂದುಕೊಂಡೆ. ಅವಳು ಬಾಗಿಲ ಬಳಿ ನಿಂತವರನ್ನೊಮ್ಮೆ ನೋಡಿ ಸುಮ್ಮನಾದಳು. ಅವರಲ್ಲಿ ಯಾರು ಯಾರೆಂದು ಅವಳಿಗೆ ಗೊತ್ತಿತ್ತು.

ದೇಸಾಯರಿಗೆ ಆ ಮೌನ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ಮಾತು ತಿರುಗಿಸಲು, "ಸಾಹೇಬರು ಇನ್ನಾ ಗಾಡಿ ಓಡೋದು ನೋಡಿಲ್ಲಲ್ಲ," ಎನ್ನುತ್ತ ಹಲಗೆಯ ಆ ತುದಿಗೆ ಹೋಗಿ ಇಂಜಿನ್ನಿಗೆ ಕಿರಿಕಿರಿ ಎಂದು ಕೀಲಿ ಕೊಟ್ಟರು. ಬಿಟ್ಟರು. ಗಾಡಿ ಸ್ಟೇಶನ್ನು ದಾಟಿತು, ಹೊಳೆಯ ಸೇತುವೆ ಏರಿತು, ಸುರಂಗದೊಳಗೆ ಹೋಯಿತು. ಹಳಿಯ ಮೇಲಿನ ಮನೆಯನ್ನು ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ. ನಾನು ತೆಗೆಯಲು ಕೈ ಚಾಚಿದೆ. ಹುಸೇನಬಿ ನನ್ನ ಮಣಿಕಟ್ಟು ಹಿಡಿದಳು.

"ಇರಲಿ ಬಿಡು," ಎಂದಳು.

ಗಾಡಿ ಸುರಂಗದಿಂದ ಹೊರಬಂದು ಟಾಕಿ ದಾಟಿ, ತಿರುವಿನಲ್ಲಿ ಮನೆಗೆ ಬಂದು ಹೊಡೆಯಿತು. ಸಾಗವಾನಿ, ಮೇಲೆ ಕಲ್ಲು. ಮನೆ ಜಗ್ಗಲಿಲ್ಲ. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಹತ್ತಿ ಮಗುಚಿದವು. ಇಂಜಿನ್ನು ಮಾತ್ರ ಗೋಡೆಗೆ ಮೂಗು ಆನಿಸಿ ನಿಂತು, ಕೀಲಿ ಬಿಚ್ಚುವ ತನಕ ಇದ್ದಲ್ಲೇ ಚಕ್ರ ತಿರುಗಿಸಿತು.

"ಏಯ್, ಯಾರು ಅದನ್ನ ಅಲ್ಲಿ ಬಿಟ್ಟಾವರು?" ಎಂದು ದೇಸಾಯರು ಒದರಿದರು.

ಹುಸೇನಬಿ ಅವರ ಮುಖವನ್ನು ನೇರವಾಗಿ ನೋಡಿದಳು. ದನಿ ಏರಿಸಲಿಲ್ಲ. "ನಿಮ್ಮ ಗಾಡಿ ನಾ ನಿಂದ್ರಿಸಿಲ್ರಿ ದೇಸಾಯರ. ಅಲ್ಲಿ ಮನಿ ಐತಿ, ಅದಕ ನಿಂತೈತಿ."

ಸಾಹೇಬರು ಹಲಗೆಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದರು. ಅವರಿಗೂ ಏನೋ ತಟ್ಟಿತು ಎಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಬರೆದದ್ದು ಬರೆದಾಗಿತ್ತು. ಗುಮಾಸ್ತನ ಕಡೆ ತಿರುಗಿ, "ಮುಂದಿನವರನ್ನು ಕರಿ," ಎಂದರು.

ದೇಸಾಯರ ಮನೆಯ ಮೆಟ್ಟಿಲನ್ನು ನಾನು ಮತ್ತೆ ಹತ್ತಲಿಲ್ಲ. ಜಾಗೀರುಗಳು ಹೋದವು, ಕೀಲಿ ಕೊಡುವ ಗಾಡಿ ಹೋಗಿ ಕರೆಂಟಿನ ಗಾಡಿಗಳು ಬಂದವು, ಬೇಕಾದಂತೆ ಬಾಗುವ ಹಳಿಯೂ ಬಂತು. ನಾನು ಸರಕಾರಿ ಕೆಲಸಕ್ಕೆ ಸೇರಿದೆ. ಅಣೆಕಟ್ಟಿನ ನಮೂನೆ ಮಾಡುವಾಗ ಮೇಲಿನವರು, "ಮುಳುಗುವ ಹಳ್ಳಿ ಯಾಕ ತೋರಿಸ್ತೀರಿ, ಬರೇ ನೀರು ತೋರಿಸ್ರಿ, ಚಂದ ಕಾಣ್ತೈತಿ," ಎನ್ನುತ್ತಿದ್ದರು. ಈ ಒಂದು ವಿಷಯಕ್ಕೆ ನಾನು ಜಗಳಾಡಿದಷ್ಟು ಬೇರೆ ಯಾವುದಕ್ಕೂ ಆಡಿಲ್ಲ. ಕೆಲವು ಸಲ ಗೆದ್ದೆ. ಬಹಳ ಸಲ ಸೋತೆ, ತಲೆಕೆಟ್ಟ ಮುದುಕ ಎನ್ನಿಸಿಕೊಂಡೆ. ಈಗ ಈ ಕೆಲಸಕ್ಕೆ ಬರುವ ಮಕ್ಕಳಿಗೆ ಹೇಳುವುದಿಷ್ಟೆ: ಅಂದಕ್ಕಾಗಿ ಬಿಡಬೇಕಾಗುತ್ತದೆ, ಬಿಡಿ. ಆದರೆ ಬಿಟ್ಟ ಜಾಗದಲ್ಲಿ ಒಂದು ಮೊಳೆಯನ್ನಾದರೂ ಹೊಡೆದಿಡಿ. ಇಲ್ಲಿ ಏನೋ ಇತ್ತು ಎಂದು ನೋಡಿದವನು ಕೇಳುವಂತಾಗಲಿ.

ಮರುವರ್ಷ ಆ ಜಾಗದಲ್ಲಿ ಗೋದಾಮು ಎದ್ದಿತು. ಪಾಯ ತೋಡಿದ ಗೌಂಡಿ ನಮ್ಮ ದೂರದ ನೆಂಟ. ತೋಡುವಾಗ ಬಾವಿ ಸಿಕ್ಕಿತು, ಅದರಲ್ಲಿ ಎಲುಬು ಸಿಕ್ಕವು, ಸಾಹುಕಾರ ನಿಂತು ಮೇಲೆ ಕಲ್ಲು ತುಂಬಿಸಿ ಅದರ ಮೇಲೆಯೇ ಒಂದು ಕಂಬ ಎಬ್ಬಿಸಿದ ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ. ನಾನು ಗಟ್ಟು ಊರಿಗೆ ಹೋದೆ. ಹುಸೇನಬಿ ಅಕ್ಕನ ಮನೆಯ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, ಕೇಳಿದ್ದನ್ನು ಕೇಳಿದಂತೆಯೇ ಹೇಳಿಬಿಟ್ಟೆ. ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

ಅವಳು ಮಡಿಲಲ್ಲಿದ್ದ ಸಿಪ್ಪೆಯನ್ನು ಕೊಡವಿ ಎದ್ದು ನಿಂತಳು.

"ಯಾವ ಕಂಬ?" ಎಂದು ಕೇಳಿದಳು.